ಏಳನೆಯ ಗೂಟ

ಮೊಯ್ನಾಕ್‌ನಿಂದ ಉತ್ತರಕ್ಕೆ ನಾಲ್ಕು ತಾಸು.
ರಸ್ತೆಯೆಂದರೆ ಹಿಂದೆ ಹೋದ ಜೀಪಿನ ಗಾಲಿಗುರುತು.
ಏಳನೆಯ ಕಬ್ಬಿಣದ ಗೂಟದ ಬಳಿ ಇಳಿದು
ಸ್ಟ್ಯಾಂಡಿನ ಮೂರು ಕಾಲು ಬಿಡಿಸುತ್ತೇನೆ.
ಎದೆಯೆತ್ತರ, ಉತ್ತರಮುಖ, ಅದೇ ಲೆನ್ಸು, ಸರಿಯಾಗಿ ನಡುಹಗಲು.
ಚೆಲುವು ಬೇಡ, ಎಂದಿದೆ ಕಚೇರಿಯ ಕಟ್ಟಳೆ,
ವರ್ಷವರ್ಷವೂ ಅದೇ ಜಾಗ ಸಾಕು.

ಒಂಬತ್ತು ವರ್ಷದ ಒಂಬತ್ತು ಚಿತ್ರ
ಒಂದರ ಪಕ್ಕ ಒಂದಿಟ್ಟರೆ
ಬೆಳೆದಿರುವುದು ಗೂಟದ ತುಕ್ಕು.

ಇನ್ನೂ ಹತ್ತು ಗಂಟೆ. ಜಿಯೆಮುರಾತ್
ಬಾನೆಟ್ಟಿಗೊರಗಿ ಚಹಾ ಬಗ್ಗಿಸುತ್ತಾನೆ.
"ಇಲ್ಲಿ ಎಂಟು ಮಾರು ನೀರು, ನನ್ನಪ್ಪನ ಕಾಲಕ್ಕೆ."
ತಲೆಯ ಮೇಲೆ ಕೈಯೆತ್ತಿ ತೋರಿಸುತ್ತಾನೆ.
ದನಿ ಇಳಿಸುವುದಿಲ್ಲ. ಬಸ್ಸು ತಪ್ಪಿದ್ದನ್ನು
ಹೇಳುವ ಹಾಗೆ ಹೇಳಿ
ಸಕ್ಕರೆ ಸಾಕೇ ಎಂದು ಕೇಳುತ್ತಾನೆ.

ಉಪ್ಪು ತಿಂದವ ನೀರು ಕುಡಿಯಲೇಬೇಕಂತೆ.
ಇಲ್ಲಿ ನೀರು ಕುಡಿದದ್ದು ಮೇಲಿನ ಹತ್ತಿಹೊಲ;
ಉಪ್ಪು ತಿನ್ನುತ್ತಿರುವುದು ಮೊಯ್ನಾಕ್‌ನ ಮಕ್ಕಳು,
ರೊಟ್ಟಿಯ ಮೇಲೆ, ತುಟಿಯ ಮೇಲೆ,
ಒಣಹಾಕಿದ ಅಂಗಿಯ ಮಡಿಕೆಯಲ್ಲಿ.

ಈ ಬಿಳುಪಿನೆದುರು ಕ್ಯಾಮೆರಾ ಸುಳ್ಳಾಡುತ್ತದೆ.
ಲೋಕವೆಲ್ಲ ಬೂದಿಬಣ್ಣ ಎಂದೇ ಅದರ ನಂಬಿಕೆ.
ಉಪ್ಪು ಕಂಡರೆ ಕಣ್ಣು ಕಿರಿದು ಮಾಡಿ
ನೆಲವನ್ನು ಮುಸ್ಸಂಜೆಗೆ ತಳ್ಳುತ್ತದೆ.
ಬಿಳಿಯನ್ನು ಬಿಳಿಯೆಂದು ಒಪ್ಪಿಸಲು
ಎರಡು ಮೆಟ್ಟಿಲು ಬೆಳಕು ಹೆಚ್ಚಿಗೆ ಕೊಡಬೇಕು.
ಮೊದಲ ವರ್ಷ ನನಗಿದು ತಿಳಿದಿರಲಿಲ್ಲ;
ಮಂಕಾದ ಆ ಚಿತ್ರ ನೋಡಿ ತಾಷ್ಕೆಂಟಿನ ಅಧಿಕಾರಿ
"ಮಣ್ಣು ಫಲವತ್ತಾಗಿದೆ" ಎಂದು ಷರಾ ಬರೆದರು.

ಮಣ್ಣು:
ಮೊಣಕಾಲುದ್ದ ಅಗೆದು, ಗೋಡೆ ನಯಮಾಡಿ,
ಅಳತೆಪಟ್ಟಿ ಇಳಿಬಿಟ್ಟು ಕವುಚಿ ಮಲಗುತ್ತೇನೆ.
ಮೇಲೆ ಹಪ್ಪಳದಂತೆ ಮುರಿಯುವ ಉಪ್ಪಿನ ಚಕ್ಕೆ,
ಅದರಡಿ ಹಿಟ್ಟು,
ಅದರಡಿ ಚಿಪ್ಪುಗಳ ಒಂದು ಗೆರೆ, ಉಗುರಿಗಿಂತ ಚಿಕ್ಕವು,
ಬಾಯಿ ಮುಚ್ಚಿಕೊಂಡೇ ಸತ್ತವು,
ಅದರಡಿ ಕಪ್ಪು, ತೇವ, ಇನ್ನೂ ಮೀನಿನ ವಾಸನೆ.
ನಮೂನೆಯಲ್ಲಿ ವಾಸನೆಗೆ ಕಾಲಂ ಇಲ್ಲ.

ದಿಬ್ಬದಾಚೆ ಬೀಬಿನಾಜ್ ಮತ್ತವಳ ತಂಡ
ಟ್ರ್ಯಾಕ್ಟರು ಗೀರಿದ ಸಾಲಿನಲ್ಲಿ ಸಕ್ಸಾವುಲ್ ಬಿತ್ತುತ್ತಿದ್ದರು,
ಕಣ್ಣಷ್ಟು ಬಿಟ್ಟು ಮುಖಕ್ಕೆಲ್ಲ ಬಟ್ಟೆ ಸುತ್ತಿ.
"ನಮ್ಮದು ಬೇಡ, ನಮ್ಮತ್ತೆಗೇ ಗುರುತು ಸಿಗದು;
ಬೀಜದ್ದು ತೆಗೆ" ಎಂದು
ಕೈಗವಸು ಕಳಚಿ ಅಂಗೈ ಚಾಚಿದಳು.

ಒಂದು ಬೀಜಕ್ಕೆ ಐದು ರೆಕ್ಕೆ,
ಈರುಳ್ಳಿಯ ಒಳಸಿಪ್ಪೆಗಿಂತ ತೆಳು.
ನಡುವೆ ಸಾಸಿವೆಯಷ್ಟು ಗಂಟು; ಅದರೊಳಗೆ
ಬಸವನಹುಳುವಿನ ಹಾಗೆ ಸುತ್ತಿಕೊಂಡು ಮಲಗಿದೆ
ಹಸಿರು ಮೊಳಕೆ. ಈಗಲೇ ಹಸಿರು.
"ಇದಕ್ಕೆ ಒಂದೇ ವರ್ಷ ಆಯಸ್ಸು" ಅಂದಳು,
"ಜೋಪಾನ ಮಾಡಿದರೆ ಸಾಯುತ್ತದೆ."

ಉಸಿರು ಬಿಟ್ಟರೆ ಹಾರಿಹೋಗುತ್ತದೆ:
ನಾನೂ ಬಿಡಲಿಲ್ಲ, ಅವಳೂ ಬಿಡಲಿಲ್ಲ.
ಅಂಗೈಯ ಬಿರುಕುಗಳಲ್ಲಿ ಉಪ್ಪು ಕೂತಿತ್ತು;
ಫೋಕಸ್ಸು ಬೀಜ ಬಿಟ್ಟು ಅಲ್ಲಿಗೇ ಜಾರುತ್ತಿತ್ತು,
ಎಳೆದು ತರುತ್ತೇನೆ, ಮತ್ತೆ ಜಾರುತ್ತದೆ,
ಅಷ್ಟರಲ್ಲಿ ಗಾಳಿ,
ನನ್ನ ಕಣ್ಣಿಗೂ ಲೆನ್ಸಿನ ಕಣ್ಣಿಗೂ ಮಣ್ಣೆರಚಿ.

ಅಂಗೈ ಬರಿದು.
"ಬಿತ್ತಿದ್ದಾಯಿತು ಬಿಡು" ಎಂದು ನಕ್ಕು
ಸಾಲಿಗೆ ಮರಳಿದಳು.
ಹನ್ನೆರಡಕ್ಕೆ ಗೂಟದ ಚಿತ್ರ ತೆಗೆದೆ.

ರಾತ್ರಿ ನುಕುಸ್‌ನಲ್ಲಿ ಪರದೆಯ ಮೇಲೆ ತೆರೆದರೆ
ಗೂಟದ ಎಡಕ್ಕೆ, ದಿಗಂತದ ಗೆರೆಗೆ ತಾಗಿ
ಒಂದು ಮಸುಕು:
ಲೆನ್ಸಿಗಂಟಿದ ರೆಕ್ಕೆ.
ಕಟ್ಟಳೆಯ ಪ್ರಕಾರ ಚಿತ್ರ ಕೆಟ್ಟಿದೆ. ಮತ್ತೆ ಹೋಗಬೇಕು,
ಮತ್ತೆ ಡೀಸೆಲ್ಲು, ಮತ್ತೆ ನಾಲ್ಕು ತಾಸು.

ಜಿಯೆಮುರಾತ್ ಕನ್ನಡಕ ಏರಿಸಿ ಬಹಳ ಹೊತ್ತು ನೋಡಿದ.
"ಅಲ್ಲಿ ಮರ ಯಾವಾಗ ಬಂತು?"
ನಾನು ಒರೆಸುವ ಬಟ್ಟೆ ಹುಡುಕುತ್ತಿದ್ದೆ, ಹೇಳಲಿಲ್ಲ.

ಬೆಳಿಗ್ಗೆ ನೋಡಿದರೆ ಜೀಪಿನಲ್ಲಿ
ಚಹಾದ ಫ್ಲಾಸ್ಕಿನ ಪಕ್ಕ ಒಂದು ಚಾಪೆ.
ನೆರಳಿದ್ದರೆ ಕೂರಬಹುದಲ್ಲ, ಅಂದ.